ಕ್ಯಾಂಪರ್‌ನ ಗ್ಯಾಸ್‌ಗೆ ಜೋಡಿಸಿದ ಗ್ರಿಲ್ ಉರಿಯದಿದ್ದರೆ: ದೋಷ ಹುಡುಕುವ ಬಗೆ

ಗ್ರಿಲ್ ಹೊಸದು, ಹೋಸ್ ಹೊಸದು, ಕ್ಯಾಂಪರ್‌ನ ಸಿಲಿಂಡರ್ ತುಂಬಿದೆ. ಎಲ್ಲವನ್ನೂ ಜೋಡಿಸಿ, ನಾಬ್ ತಿರುಗಿಸಿ, ಕಿಡಿ ಕೊಟ್ಟರೆ ಬರ್ನರ್‌ನ ತೂತುಗಳ ಮೇಲೆ ಕಂಡೂ ಕಾಣದಂಥ ಗಿಡ್ಡ ಉರಿಯೊಂದು ಕೂರುತ್ತದೆ. ನಾಬನ್ನು ಅರ್ಧ ತಿರುಗಿಸಿದರೂ ಅಷ್ಟೇ, ಪೂರ್ತಿ ತಿರುಗಿಸಿದರೂ ಅಷ್ಟೇ. ಸ್ವಲ್ಪ ಗಾಳಿ ಬೀಸಿದರೆ ಆರಿಹೋಗುತ್ತದೆ. ಜಾಲರಿಯ ಮೇಲಿಟ್ಟ ಜೋಳದ ತೆನೆ ಬೆಚ್ಚಗಾಗುತ್ತದೆಯೇ ಹೊರತು ಸುಡುವುದಿಲ್ಲ. ಅಮೆರಿಕದಲ್ಲಿ ಕ್ಯಾಂಪರ್, ಎಂದರೆ ಒಲೆ, ಹಾಸಿಗೆಗಳಿರುವ ಪ್ರವಾಸಿ ವಾಹನ (ಆರ್‌ವಿ), ಬಾಡಿಗೆಗೆ ಪಡೆದು ಯೆಲ್ಲೊಸ್ಟೋನ್, ಯೊಸೆಮಿಟಿ ಕಡೆ ಹೊರಡುವ ಕನ್ನಡದ ಕುಟುಂಬಗಳಿಂದ ಮತ್ತೆ ಮತ್ತೆ ಕೇಳಿಬರುವ ದೂರು ಇದು. ಹೆಚ್ಚಿನ ಸಂದರ್ಭಗಳಲ್ಲಿ ಗ್ರಿಲ್ಲೂ ಕೆಟ್ಟಿರುವುದಿಲ್ಲ, ಸಿಲಿಂಡರ್ರೂ ಕೆಟ್ಟಿರುವುದಿಲ್ಲ. ಸಿಲಿಂಡರ್‌ನಿಂದ ಬರ್ನರ್‌ವರೆಗಿನ ದಾರಿಯಲ್ಲಿ ಅನಿಲದ ಒತ್ತಡ ಇಳಿಸುವ ರೆಗ್ಯುಲೇಟರ್ ಎಷ್ಟಿವೆ ಎಂದು ಯಾರೂ ಎಣಿಸಿರುವುದಿಲ್ಲ, ಅಷ್ಟೇ.

ಅಲ್ಲಿ ಇರಬೇಕಾದದ್ದು ಒಂದು. ಎರಡಿದ್ದರೆ ಉರಿ ಕುಗ್ಗುತ್ತದೆ. ಒಂದೂ ಇಲ್ಲದಿದ್ದರೆ ಉರಿ ಆಳೆತ್ತರಕ್ಕೆ ಏಳಬಹುದು, ಅದು ಪ್ರಾಣಕ್ಕೇ ಅಪಾಯ. ಮುಂದೆ ಹೇಳುವ ಪರೀಕ್ಷೆಗಳಲ್ಲಿ ಬಹುಪಾಲು ಈ ಎಣಿಕೆಗೇ ಸಂಬಂಧಿಸಿದವು.

ಒತ್ತಡದ ಲೆಕ್ಕ

ಪ್ರೊಪೇನ್ ಸಿಲಿಂಡರ್‌ನೊಳಗೆ ದ್ರವವಾಗಿರುತ್ತದೆ. ಅದರ ಮೇಲಿನ ಆವಿಯ ಒತ್ತಡವನ್ನು ನಿರ್ಧರಿಸುವುದು ಹವೆಯ ಉಷ್ಣಾಂಶ. 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸುಮಾರು 110 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ), ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಸುಮಾರು 54 ಪಿಎಸ್‌ಐ. ಕ್ಯಾಂಪರ್‌ನೊಳಗಿನ ಒಲೆ, ಫ್ರಿಜ್, ಹೀಟರ್, ಗೀಸರ್ ಇವೆಲ್ಲ ಕೆಲಸ ಮಾಡುವುದು 11 ಇಂಚು ನೀರಿನ ಕಂಬದ ಒತ್ತಡದಲ್ಲಿ, ಎಂದರೆ ಬರೀ 0.4 ಪಿಎಸ್‌ಐ ಅಥವಾ 27 ಮಿಲಿಬಾರ್‌ನಲ್ಲಿ. ನಮ್ಮೂರಿನ ಅಡುಗೆಮನೆಯಲ್ಲಿ ಕೆಂಪು ಸಿಲಿಂಡರ್ ಮೇಲೆ ಕೂರಿಸುವ ರೆಗ್ಯುಲೇಟರ್ ಕೊಡುವುದೂ ಹೆಚ್ಚುಕಡಿಮೆ ಇಷ್ಟೇ, ಸುಮಾರು 30 ಮಿಲಿಬಾರ್. ಅಂದರೆ ಕ್ಯಾಂಪರ್‌ನ ಸಿಲಿಂಡರ್ ಪಕ್ಕದಲ್ಲಿರುವ ರೆಗ್ಯುಲೇಟರ್ ಬೇಸಿಗೆಯ ದಿನದಲ್ಲಿ ಒತ್ತಡವನ್ನು ಇನ್ನೂರೈವತ್ತು ಪಟ್ಟಿಗೂ ಹೆಚ್ಚು ಇಳಿಸುತ್ತದೆ. ಅದರೊಳಗೆ ಎರಡು ಹಂತಗಳಿದ್ದರೂ ನಮ್ಮ ಎಣಿಕೆಯಲ್ಲಿ ಅದು ಒಂದೇ.

ಕ್ಯಾಂಪರ್‌ನ ಹೊರಮೈಯಲ್ಲಿ, ಸಾಮಾನ್ಯವಾಗಿ ಬಾಗಿಲಿರುವ ಬದಿಯ ಕೆಳಗೆ, ಗ್ರಿಲ್‌ಗೆಂದು ಕೊಟ್ಟಿರುವ, ಹೋಸನ್ನು ಒತ್ತಿ ಕೂರಿಸುವ ಕ್ವಿಕ್ ಕನೆಕ್ಟ್ ಬಾಯಿ ಈ ರೆಗ್ಯುಲೇಟರ್ ದಾಟಿದ ಮೇಲಿನ ಪೈಪಿಗೆ ಸೇರಿರುತ್ತದೆ. ಅಲ್ಲಿ ಬರುವುದು 11 ಇಂಚು ಒತ್ತಡದ ಅನಿಲವೇ.

ಇನ್ನು ಅಂಗಡಿಯಲ್ಲಿ ಕೊಂಡ ಪುಟ್ಟ ಗ್ರಿಲ್‌ ನೋಡಿ. ಒಂದು ಪೌಂಡಿನ ಬಳಸಿ ಎಸೆಯುವ ಹಸಿರು ಸಿಲಿಂಡರನ್ನು ನೇರವಾಗಿ ತಿರುಗಿಸಿ ಕೂರಿಸಲೆಂದು ಅದನ್ನು ಮಾಡಿರುತ್ತಾರೆ. ಆ ಸಿಲಿಂಡರ್‌ನಲ್ಲಿರುವುದು ಪೂರ್ತಿ ಒತ್ತಡ. ಆದ್ದರಿಂದ ಗ್ರಿಲ್‌ಗೆ ತನ್ನದೇ ರೆಗ್ಯುಲೇಟರ್ ಇರುತ್ತದೆ. ಕೆಲವದರಲ್ಲಿ ಅದು ಅಣಬೆಯಾಕಾರದ ಲೋಹದ ಬಿಲ್ಲೆಯಾಗಿ ಬೇರೆಯೇ ಕಾಣುತ್ತದೆ, ಕೆಲವದರಲ್ಲಿ ನಾಬ್‌ನ ಹಿಂದೆಯೇ ಅಡಗಿರುತ್ತದೆ. ಈ ಗ್ರಿಲ್ಲನ್ನು ಕ್ವಿಕ್ ಕನೆಕ್ಟ್‌ಗೆ ಜೋಡಿಸಿದಿರಿ ಎಂದರೆ, ಆಗಲೇ ಇಳಿದು ಬಂದ 0.4 ಪಿಎಸ್‌ಐ ಅನಿಲ ಮತ್ತೊಂದು ರೆಗ್ಯುಲೇಟರ್ ದಾಟಬೇಕಾಗುತ್ತದೆ. ಕೆರೆಯ ತೂಬಿನಿಂದ ಹದವಾಗಿ ಬಿಟ್ಟ ನೀರಿಗೆ ಕಾಲುವೆಯ ನಡುವೆ ಇನ್ನೊಂದು ತೂಬು ಕಟ್ಟಿದಂತೆ ಇದು. ಎರಡನೆಯದು ಕೆರೆಯ ಪೂರ್ಣ ಭಾರವನ್ನು ತಡೆಯಲೆಂದು ಮಾಡಿದ್ದು, ಇಷ್ಟು ಕಡಿಮೆ ಒತ್ತಡದಲ್ಲಿ ಸಾಕಷ್ಟನ್ನು ಬಿಡಲಾರದು.

ಮೊದಲು ಮೂಗು, ಆಮೇಲೆ ಸೋಪು

ದೋಷ ಹುಡುಕುವ ಮುನ್ನ ಸೋರಿಕೆ ನೋಡಲೇಬೇಕು. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದ್ದು ಮೇಲಕ್ಕೇರಿ ಚೆದುರುವುದಿಲ್ಲ, ಕ್ಯಾಂಪರ್‌ನ ತಳದಲ್ಲಿ, ಮೆಟ್ಟಿಲ ಅಡಿಯಲ್ಲಿ, ಪಕ್ಕದ ತಗ್ಗಿನಲ್ಲಿ ತಂಗುತ್ತದೆ. ಅದಕ್ಕೆ ಬೆರೆಸಿರುವ ಮರ್ಕ್ಯಾಪ್ಟನ್‌ನ ಕೊಳೆತ ವಾಸನೆ ಮೂಗಿಗೆ ಬಂದರೆ ಬೇರಾವ ಪರೀಕ್ಷೆಯೂ ಬೇಡ. ಸಿಲಿಂಡರ್ ವಾಲ್ವ್ ಮುಚ್ಚಿ, ಎಲ್ಲರನ್ನೂ ಹೊರಗೆ ಕರೆಯಿರಿ. ಸ್ವಿಚ್ ಮುಟ್ಟಬೇಡಿ.

ವಾಸನೆ ಇಲ್ಲದಿದ್ದರೆ ಪಾತ್ರೆ ತೊಳೆಯುವ ಸೋಪನ್ನು ನೀರಿನಲ್ಲಿ ಕದಡಿ, ಬ್ರಷ್ಷಿನಿಂದ ಪ್ರತಿ ಜೋಡಣೆಗೂ ಸವರಿ. ಅಮೋನಿಯಾ ಇರುವ ಕ್ಲೀನರ್ ಮಾತ್ರ ಬೇಡ, ಅದು ಹಿತ್ತಾಳೆಯನ್ನು ಕೆಡಿಸುತ್ತದೆ. ಗ್ರಿಲ್‌ನ ನಾಬ್ ಮುಚ್ಚಿರಲಿ, ಅದಕ್ಕಿಂತ ಹಿಂದಿನದೆಲ್ಲ ತೆರೆದಿರಲಿ. ಸಣ್ಣ ಸೋರಿಕೆ ತಕ್ಷಣ ತೋರುವುದಿಲ್ಲ. ಸವರಿದ ನೊರೆ ಇಳಿದು ಹೋದ ಮೇಲೆ ನಟ್ಟಿನ ಅಂಚಿನಲ್ಲಿ ಒಂದೇ ಜಾಗದಿಂದ ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಏಳುತ್ತಿರುತ್ತವೆ. ಅದಕ್ಕೆಂದೇ ಪ್ರತಿ ಜೋಡಣೆಯ ಮುಂದೆ ಒಂದು ನಿಮಿಷವಾದರೂ ಕಾದು ನೋಡಿ. ಬೆಂಕಿಕಡ್ಡಿ ಹಿಡಿದು ಸೋರಿಕೆ ಹುಡುಕುವ ಹಳೆಯ ಅಭ್ಯಾಸ ಕೆಲವರಲ್ಲಿ ಇನ್ನೂ ಇದೆ. ದಯವಿಟ್ಟು ಬೇಡ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಪ್ರೊಪೇನ್ ಸೇರಿದರೂ ಅದು ಹೊತ್ತಿಕೊಳ್ಳಬಲ್ಲದು.

ಒಳಗಿನ ಒಲೆ ಏನು ಹೇಳುತ್ತದೆ?

ಈ ಒಂದು ಪರೀಕ್ಷೆ ಅರ್ಧ ಕೆಲಸ ಮುಗಿಸುತ್ತದೆ. ಗ್ರಿಲ್ ಮಂಕಾಗಿ ಉರಿಯುತ್ತಿರುವಾಗಲೇ ಕ್ಯಾಂಪರ್‌ನೊಳಗಿನ ಒಲೆಯ ಒಂದು ಬರ್ನರ್ ಹೊತ್ತಿಸಿ, ಕಿಟಕಿ ತೆರೆದಿರಲಿ.

ಒಳಗಿನ ಒಲೆ ಗಟ್ಟಿಯಾಗಿ, ನೀಲಿಯಾಗಿ ಉರಿದರೆ ಸಿಲಿಂಡರ್ ಮತ್ತು ಕ್ಯಾಂಪರ್‌ನ ರೆಗ್ಯುಲೇಟರ್ ಸರಿಯಾಗಿವೆ. ದೋಷ ಕ್ವಿಕ್ ಕನೆಕ್ಟ್‌ನಿಂದ ಈಚೆಗಿದೆ: ಹೋಸ್, ಎರಡನೆಯ ರೆಗ್ಯುಲೇಟರ್, ಗ್ರಿಲ್ ಈ ಮೂರರಲ್ಲೊಂದು. ಒಳಗಿನ ಒಲೆಯೂ ಗ್ರಿಲ್‌ನಷ್ಟೇ ಮಂಕಾಗಿದ್ದರೆ ದೋಷ ಹಿಂದಿದೆ, ಗ್ರಿಲ್ಲನ್ನು ಬಿಚ್ಚಿ ಸಮಯ ಕಳೆಯಬೇಡಿ.

ಒಳಗೂ ಹೊರಗೂ ಮಂಕಾಗಿದ್ದರೆ

ಹೆಚ್ಚಾಗಿ ಇದು ಕೈಯ ಅವಸರದಿಂದ ಆಗುವುದು. ಇಪ್ಪತ್ತು ಪೌಂಡಿನ ಸಿಲಿಂಡರ್‌ಗೆ ಕೂರುವ ದಪ್ಪ ಪ್ಲಾಸ್ಟಿಕ್ ನಟ್ಟನ್ನು ಗಮನಿಸಿ. ಕೈಯಿಂದಲೇ ಬಿಗಿ ಮಾಡುವಂಥದ್ದು, ಕಪ್ಪು ಅಥವಾ ಹಸಿರು ಬಣ್ಣದ್ದು. ಕಪ್ಪು ನಟ್ಟು ಗಂಟೆಗೆ 1,00,000 ಬಿಟಿಯುವರೆಗಿನ (ಬಿಟಿಯು ಎಂದರೆ ಶಾಖದ ಅಳತೆ) ಹರಿವಿಗೆ, ಹಸಿರು 2,00,000ಕ್ಕೆ. ಬೆಂಕಿ ತಗುಲಿದರೆ ಆ ಪ್ಲಾಸ್ಟಿಕ್ ಮೆತ್ತಗಾಗಿ ಜೋಡಣೆ ಹಿಂದೆ ಸರಿದು ಗ್ಯಾಸ್ ನಿಲ್ಲುತ್ತದೆ. ಇದರೊಳಗೆ ಇನ್ನೊಂದು ಕಾವಲೂ ಇದೆ. ಅನಿಲ ಮಿತಿಮೀರಿ ಧಾವಿಸಿದರೆ ಹೋಸ್ ಹರಿದಿದೆ ಎಂದು ಬಗೆದು ಒಂದು ಸಣ್ಣ ಗುಂಡು ದಾರಿಗೆ ಅಡ್ಡ ಬರುತ್ತದೆ. ಆಮೇಲೆ ಹರಿಯುವುದು ತೊಟ್ಟಿನಷ್ಟೇ. ಸಿಲಿಂಡರ್ ವಾಲ್ವನ್ನು ಒಮ್ಮೆಲೇ ಪೂರ್ತಿ ತಿರುಗಿಸಿದಾಗ, ಮುಂದೆ ಪೈಪು ಖಾಲಿಯಿದ್ದರೆ ಅಥವಾ ಗ್ರಿಲ್‌ನ ನಾಬ್ ತೆರೆದೇ ಇದ್ದರೆ, ಈ ಕಾವಲು ಸುಮ್ಮನೆ ಬಿದ್ದುಬಿಡುತ್ತದೆ.

ಬಿಡಿಸುವುದು ಸುಲಭ. ಸಿಲಿಂಡರ್ ವಾಲ್ವ್ ಮುಚ್ಚಿ, ಗ್ರಿಲ್ ಮತ್ತು ಒಳಗಿನ ಎಲ್ಲ ಉಪಕರಣಗಳನ್ನೂ ಆರಿಸಿ, ಕೆಲವು ನಿಮಿಷ ಬಿಡಿ. ನಟ್ಟನ್ನು ಬಿಚ್ಚಿ ಮತ್ತೆ ಕೈಯಿಂದ ಬಿಗಿ ಮಾಡಿ, ಇದಕ್ಕೆ ಸ್ಪ್ಯಾನರ್ ಬೇಡ. ಈಗ ವಾಲ್ವನ್ನು ಕಾಲು ಸುತ್ತು ಮಾತ್ರ ತಿರುಗಿಸಿ ನಿಲ್ಲಿ, ಪೈಪು ತುಂಬಲಿ. ಆಮೇಲೆ ನಿಧಾನವಾಗಿ ಪೂರ್ತಿ ತೆರೆಯಿರಿ. ಮೊದಲು ಹೊತ್ತಿಸಬೇಕಾದ್ದು ಒಳಗಿನ ಒಲೆ, ಗ್ರಿಲ್ ಅಲ್ಲ. ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ಅಲ್ಲಿಂದ ಹೊರಹೋಗುತ್ತದೆ.

ಇಷ್ಟು ಮಾಡಿದರೂ ಒಲೆ ಚೇತರಿಸಿಕೊಳ್ಳದಿದ್ದರೆ ಸಿಲಿಂಡರನ್ನು ಎತ್ತಿ ನೋಡಿ. ಎರಡು ಸಿಲಿಂಡರ್ ಇರುವ ಟ್ರೈಲರ್‌ಗಳಲ್ಲಿ ತಾನಾಗಿ ಬದಲಾಯಿಸುವ ರೆಗ್ಯುಲೇಟರ್ ಇದ್ದರೂ, ಎರಡನೆಯದರ ವಾಲ್ವ್ ತೆರೆದಿರದಿದ್ದರೆ ಬದಲಾಯಿಸಲು ಏನೂ ಇರುವುದಿಲ್ಲ. ಆ ರೆಗ್ಯುಲೇಟರ್ ಮೇಲಿನ ಕಿಟಕಿಯಂಥ ಗುರುತು ಕೆಂಪಾಗಿದ್ದರೆ ಲಿವರ್ ತೋರುತ್ತಿರುವ ಕಡೆಯ ಸಿಲಿಂಡರ್ ಖಾಲಿ. ಅದೂ ಸರಿಯಿದ್ದು, ಹೀಟರ್ ಶುರುವಾದ ಕೂಡಲೇ ಒಲೆಯ ಉರಿ ಕುಸಿದರೆ ರೆಗ್ಯುಲೇಟರ್‌ಗೆ ವಯಸ್ಸಾಗಿದೆ. ಹೀಟರ್ ಗಂಟೆಗೆ 30,000 ಬಿಟಿಯು ಆಸುಪಾಸು ಎಳೆಯುತ್ತದೆ, ಸಣ್ಣ ಗ್ರಿಲ್ 10,000ದ ಆಸುಪಾಸು. ಇವೆರಡನ್ನೂ ಒಟ್ಟಿಗೆ ತೂಗಲಾರದ ರೆಗ್ಯುಲೇಟರನ್ನು ಬದಲಿಸಬೇಕೇ ಹೊರತು ಅದರ ತಿರುಪು ತಿರುಗಿಸಿ ಒತ್ತಡ ಏರಿಸಬಾರದು. ಬದಲಿಸುವ ಮುನ್ನ ಅದರ ಉಸಿರುಕಿಂಡಿಯನ್ನೊಮ್ಮೆ ನೋಡಿ. ಅದು ಕೆಳಮುಖವಾಗಿರಬೇಕು, ಕಣಜದ ಮಣ್ಣುಗೂಡಿನಿಂದ ಮುಚ್ಚಿರಬಾರದು.

ಒಳಗೆ ಜೋರು, ಹೊರಗೆ ಮಾತ್ರ ಮಂಕಾಗಿದ್ದರೆ

ಮೊದಲು ಕ್ವಿಕ್ ಕನೆಕ್ಟ್ ಪೂರ್ತಿ ಕೂತಿದೆಯೇ ನೋಡಿ. ಹೊರಗಿನ ಕಾಲರ್ ಹಿಂದಕ್ಕೆ ಸರಿಸಿ, ಹೋಸಿನ ಮೊನೆ ತಳ ಮುಟ್ಟುವವರೆಗೆ ಒತ್ತಿದಾಗ ಕಾಲರ್ ಟಕ್ ಎಂದು ಮುಂದೆ ಬಂದು ಕೂರಬೇಕು. ಎರಡು ಮಿಲಿಮೀಟರ್ ಹಿಂದಿದ್ದರೂ ಒಳಗಿನ ಮುಚ್ಚಳ ಪೂರ್ತಿ ತೆರೆಯುವುದಿಲ್ಲ. ಪಂಕ್ಚರ್ ಅಂಗಡಿಯ ಗಾಳಿ ಕಂಪ್ರೆಸರ್‌ಗೆ ಹಾಕುವ ಕಾಲಿಂಚಿನ ಕಪ್ಲಿಂಗ್ ನೋಡಲು ಇದರಂತೆಯೇ ಇರುತ್ತದೆ, ಕೆಲವೊಮ್ಮೆ ಕೂತೂ ಬಿಡುತ್ತದೆ. ಅದು ಗ್ಯಾಸ್‌ಗಾಗಿ ಮಾಡಿದ್ದಲ್ಲ, ಅದರ ಸೀಲ್ ಪ್ರೊಪೇನ್‌ಗೆ ತಾಳುವ ಭರವಸೆ ಇಲ್ಲ. ಹೋಸಿನ ಒಳವ್ಯಾಸವೂ ಮುಖ್ಯ. ಇಷ್ಟು ಕಡಿಮೆ ಒತ್ತಡದಲ್ಲಿ ಹನ್ನೆರಡು ಅಡಿಯ ಕಿರಿದಾದ ಹೋಸ್ ತಾನೇ ಒಂದು ಅಡ್ಡಿಯಾಗುತ್ತದೆ. ಆದ್ದರಿಂದ 3/8 ಇಂಚಿನದನ್ನೇ ಆರಿಸಿ, ಅದು ಮಡಚಿಕೊಂಡಿಲ್ಲವೆಂದು ನೋಡಿಕೊಳ್ಳಿ.

ಇದೆಲ್ಲ ಸರಿಯಿದ್ದರೆ ಉಳಿಯುವುದು ಎರಡನೆಯ ರೆಗ್ಯುಲೇಟರ್. ಪರಿಹಾರದ ದಾರಿಗಳು ಹಲವು ಇವೆ. ಎಲ್ಲವೂ ಎಲ್ಲರಿಗೂ ಹೊಂದುವುದಿಲ್ಲ.

ಗ್ರಿಲ್‌ನ ಹಿಂಬದಿ ಅಥವಾ ತಳದಲ್ಲಿ ಅಂಟಿಸಿದ ತಗಡಿನ ಚೀಟಿ ಓದಿ. ಅದರಲ್ಲಿ ಮ್ಯಾನಿಫೋಲ್ಡ್ ಪ್ರೆಶರ್, ಎಂದರೆ ಬರ್ನರ್‌ಗೆ ಸಿಗಬೇಕಾದ ಒತ್ತಡ, ಎಷ್ಟೆಂದು ಬರೆದಿರುತ್ತದೆ. ಅದು 10 ಅಥವಾ 11 ಇಂಚು ನೀರಿನ ಕಂಬ ಎಂದಿದ್ದರೆ, ಗ್ರಿಲ್‌ನ ಸ್ವಂತ ರೆಗ್ಯುಲೇಟರ್ ಕೊಡುತ್ತಿದ್ದ ಒತ್ತಡವನ್ನೇ ಕ್ಯಾಂಪರ್ ಆಗಲೇ ಕೊಡುತ್ತಿದೆ. ಗ್ರಿಲ್ ಕಂಪನಿಯೇ ಮಾರುವ ಕಡಿಮೆ ಒತ್ತಡದ ಬದಲಿ ಕಿಟ್ ಇದ್ದರೆ ಅದನ್ನು ಹಾಕಿ ರೆಗ್ಯುಲೇಟರನ್ನು ದಾರಿಯಿಂದ ತೆಗೆಯಬಹುದು. ರೆಗ್ಯುಲೇಟರ್ ಬೇರೆಯಾಗಿರುವ ಗ್ರಿಲ್‌ಗಳಲ್ಲಿ ಇದು ಒಂದು ನಟ್ಟಿನ ಕೆಲಸ. ನಾಬ್ ಮತ್ತು ರೆಗ್ಯುಲೇಟರ್ ಒಂದೇ ತುಂಡಾಗಿದ್ದರೆ ಹಾಗಲ್ಲ. ರೆಗ್ಯುಲೇಟರ್ ತೆಗೆದರೆ ಉರಿ ಏರಿಳಿಸುವ ವಾಲ್ವೂ ಹೋಗುತ್ತದೆ, ಅದರ ಜಾಗಕ್ಕೆ ಕಡಿಮೆ ಒತ್ತಡದ ವಾಲ್ವ್ ಬರಬೇಕು. ಕಿಟ್ ಇಲ್ಲದೆ, ಇಂಟರ್‌ನೆಟ್‌ನಲ್ಲಿ ಸಿಕ್ಕ ಹಿತ್ತಾಳೆಯ ತುಂಡುಗಳನ್ನು ಸೇರಿಸಿ ಇದನ್ನು ಮಾಡುವುದು ನನಗೆ ಒಪ್ಪಿಗೆಯಿಲ್ಲ. ವಾರಂಟಿ ಹೋಗುವುದು ಚಿಕ್ಕ ಮಾತು. ನಿಜವಾದ ಅಪಾಯ ಆಮೇಲೆ ಬರುತ್ತದೆ: ರೆಗ್ಯುಲೇಟರ್ ತೆಗೆದ ಆ ಗ್ರಿಲ್ಲನ್ನು ಮುಂದೊಂದು ದಿನ ಮನೆಯವರಲ್ಲಿ ಯಾರಾದರೂ ಹಸಿರು ಸಿಲಿಂಡರ್‌ಗೆ ಜೋಡಿಸಿದರೆ 110 ಪಿಎಸ್‌ಐ ನೇರವಾಗಿ ಬರ್ನರ್‌ಗೆ ನುಗ್ಗುತ್ತದೆ. ಬದಲಿಸಿದ ಗ್ರಿಲ್‌ನ ಮೇಲೆ, ನಾಬ್ ಪಕ್ಕದಲ್ಲೇ, ಅಳಿಸದ ಶಾಯಿಯಲ್ಲಿ ‘ಕಡಿಮೆ ಒತ್ತಡಕ್ಕೆ ಮಾತ್ರ’ ಎಂದು ಮನೆಯವರೆಲ್ಲ ಓದಬಲ್ಲ ಭಾಷೆಗಳಲ್ಲಿ ಬರೆಯಿರಿ.

ಚೀಟಿಯಲ್ಲಿ ಒತ್ತಡ ಪಿಎಸ್‌ಐ ಲೆಕ್ಕದಲ್ಲಿದ್ದರೆ ರೆಗ್ಯುಲೇಟರ್ ತೆಗೆದೂ ಉಪಯೋಗವಿಲ್ಲ. ಮಡಚುವ ಕ್ಯಾಂಪ್ ಒಲೆಗಳಲ್ಲಿ ಇಂಥವು ಬಹಳ. ಅವುಗಳ ಜೆಟ್ಟಿನ (ಬರ್ನರ್‌ಗೆ ಅನಿಲ ಚಿಮ್ಮಿಸುವ ಮೊನೆಯ) ತೂತು ಹೆಚ್ಚಿನ ಒತ್ತಡಕ್ಕೆ ತಕ್ಕಂತೆ ಸಣ್ಣದಾಗಿರುತ್ತದೆ, 11 ಇಂಚಿನಲ್ಲಿ ಸಾಕಷ್ಟು ಅನಿಲ ಹಾಯುವುದಿಲ್ಲ. ಜೆಟ್ಟಿನ ತೂತನ್ನು ಸೂಜಿಯಿಂದಲೋ ಡ್ರಿಲ್‌ನಿಂದಲೋ ದೊಡ್ಡದು ಮಾಡುವ ಯೋಚನೆ ಬೇಡ. ಇಂಥ ಗ್ರಿಲ್‌ಗೆ ಅನಿಲ ಬರಬೇಕಾದ್ದು ಕ್ಯಾಂಪರ್‌ನ ರೆಗ್ಯುಲೇಟರ್‌ಗಿಂತ ಮೊದಲಿನ ಜಾಗದಿಂದ. ಅದಕ್ಕೆ ಸಿಲಿಂಡರ್‌ನ ಹೋಸ್ ಮತ್ತು ರೆಗ್ಯುಲೇಟರ್ ನಡುವೆ ಕೂರಿಸುವ, ಕವಲೊಡೆಯುವ ಹಿತ್ತಾಳೆಯ ಟಿ ಜೋಡಣೆ ಸಿಗುತ್ತದೆ. ಅದರ ಒಂದು ಬಾಯಿಯ ತಿರುಪು ಒಂದು ಪೌಂಡಿನ ಹಸಿರು ಸಿಲಿಂಡರ್‌ನದೇ ಅಳತೆಯದು. ಅಲ್ಲಿಂದ ಹೆಚ್ಚಿನ ಒತ್ತಡದ ಹೋಸ್ ಹಾಕಿ, ಗ್ರಿಲ್‌ನ ರೆಗ್ಯುಲೇಟರನ್ನು ಇದ್ದಂತೆಯೇ ಬಿಟ್ಟರೆ ಎಣಿಕೆ ಮತ್ತೆ ಒಂದಾಗುತ್ತದೆ. ಒಂದನ್ನು ಮಾತ್ರ ಮರೆಯಬಾರದು: ಈ ಹೋಸಿನುದ್ದಕ್ಕೂ ಸಿಲಿಂಡರ್‌ನ ಪೂರ್ಣ ಒತ್ತಡವಿರುತ್ತದೆ. ಮಕ್ಕಳು ಓಡಾಡುವ ಜಾಗದಲ್ಲಿ ಅದನ್ನು ನೆಲದ ಮೇಲೆ ಎಳೆಯಬಾರದು. ಟಿ ಕೂರಿಸುವುದನ್ನು ಆರ್‌ವಿ ಗ್ಯಾಸ್ ತಂತ್ರಜ್ಞರಿಗೆ ಬಿಡುವುದೇ ಒಳ್ಳೆಯದು. ಬಾಡಿಗೆಯ ವಾಹನವಾದರೆ ಮುಟ್ಟಲೇಬೇಡಿ.

ಬಾಡಿಗೆಗೆ ತೆಗೆದುಕೊಂಡವರಿಗೆ ನಾನು ಹೇಳುವುದು ಇದಕ್ಕಿಂತ ಸರಳ: ಐದು ಅಥವಾ ಇಪ್ಪತ್ತು ಪೌಂಡಿನ ಪ್ರತ್ಯೇಕ ಸಿಲಿಂಡರ್, ಅದರಿಂದ ಗ್ರಿಲ್‌ಗೆ ಹೋಗುವ ಒಂದು ಅಡಾಪ್ಟರ್ ಹೋಸ್. ಕ್ಯಾಂಪರ್‌ನ ಪೈಪಿನ ಗೊಡವೆಯೇ ಬೇಡ. ಸ್ವಂತ ಕ್ಯಾಂಪರ್ ಇರುವವರು ಹೊಸ ಗ್ರಿಲ್ ಕೊಳ್ಳುವಾಗ ಆರ್‌ವಿಯ ಕಡಿಮೆ ಒತ್ತಡಕ್ಕೆಂದೇ ಮಾಡಿದ, ರೆಗ್ಯುಲೇಟರ್ ಇಲ್ಲದ ಗ್ರಿಲ್ ಕೇಳಿ ಪಡೆಯಿರಿ.

ಉರಿ ಹಳದಿಯಾದರೆ

ಹಳದಿ ಉರಿ ಬೇರೆಯೇ ದೋಷ. ಇಲ್ಲಿ ಅನಿಲಕ್ಕೆ ಕೊರತೆಯಿಲ್ಲ, ಗಾಳಿಗೆ ಕೊರತೆ. ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದೆ, ಕಾರ್ಬನ್ ಮೋನಾಕ್ಸೈಡ್ ಹೆಚ್ಚುತ್ತದೆ. ಚಳಿಗಾಲವಿಡೀ ಗ್ಯಾರೇಜಿನಲ್ಲಿಟ್ಟ ಗ್ರಿಲ್‌ನಲ್ಲಿ ನಾನು ಮೊದಲು ನೋಡುವುದು ಬರ್ನರ್ ಕೊಳವೆಯ ಬಾಯಿ. ಜೆಟ್ಟಿಗೆ ಎದುರಾಗಿ, ಗಾಳಿ ಮತ್ತು ಅನಿಲ ಬೆರೆಯುವ ಜಾಗ ಅದು. ಗ್ಯಾಸ್ ಪೂರ್ತಿ ಮುಚ್ಚಿ, ಬರ್ನರ್ ಬಿಚ್ಚಿ, ಆ ಬಾಯಿಗೆ ಟಾರ್ಚ್ ಹಿಡಿದರೆ ಕೆಲವೊಮ್ಮೆ ಒಳಗೋಡೆಗೆ ಅಂಟಿಕೊಂಡ ಬಿಳಿ ನೂಲಿನ ಸಣ್ಣ ಚೀಲ, ಅದರ ಸುತ್ತ ಒಣಗಿದ ಹುಳುವಿನ ರೆಕ್ಕೆಗಳು ಕಾಣುತ್ತವೆ. ಜೇಡ ಒಳಗೆ ಬಲೆ ಕಟ್ಟಿ ಮೊಟ್ಟೆಯಿಟ್ಟಿದೆ. ಬೆರಳುಗುರಿನಷ್ಟು ಬಲೆ ಸಾಕು, ಮಿಶ್ರಣ ಹದ ತಪ್ಪುತ್ತದೆ. ಬಲೆ ದಟ್ಟವಾಗಿದ್ದರೆ ಅನಿಲ ಹಿಂದಕ್ಕೆ ತಿರುಗಿ ನಾಬ್‌ನ ಬಳಿಯೇ ಹೊತ್ತಿಕೊಳ್ಳಬಹುದು. ಹಾಗಾದರೆ ನಾಬ್ ಕಡೆ ಕೈ ಚಾಚಬೇಡಿ, ಕ್ಯಾಂಪರ್ ಬದಿಯ ವಾಲ್ವ್ ಮುಚ್ಚಿ. ಬಾಟಲಿ ತೊಳೆಯುವ ಸಪೂರ ಬ್ರಷ್ಷನ್ನು ಎರಡೂ ತುದಿಯಿಂದ ಹಾಯಿಸಿದರೆ ಕೊಳವೆ ಶುಚಿಯಾಗುತ್ತದೆ.

ಎತ್ತರದ ಜಾಗಗಳಲ್ಲಿ ಉರಿಯ ತುದಿ ಸ್ವಲ್ಪ ಹಳದಿಯಾಗುವುದು ಸಹಜ. ಯೆಲ್ಲೊಸ್ಟೋನ್ ಸರೋವರ ಸಮುದ್ರಮಟ್ಟಕ್ಕಿಂತ 7,733 ಅಡಿ ಮೇಲಿದೆ, ಅಲ್ಲಿ ಗಾಳಿ ತೆಳು. ಆದರೆ ಮಂಕಾದ ಗಿಡ್ಡ ಉರಿಗೆ ಎತ್ತರವನ್ನು ದೂರಬೇಡಿ. ರೆಗ್ಯುಲೇಟರ್ ಹೊರಗಿನ ಗಾಳಿಯ ಒತ್ತಡಕ್ಕಿಂತ 11 ಇಂಚು ಹೆಚ್ಚು ಕೊಡುತ್ತದೆ, ಎಲ್ಲಿದ್ದರೂ ಅಷ್ಟೇ. ಚಳಿಯನ್ನೂ ಬೇಗ ದೂರಬೇಡಿ. ನಮ್ಮ ದೇಶದ ಅಡುಗೆ ಅನಿಲದಲ್ಲಿ ಬ್ಯೂಟೇನ್ ಪಾಲು ಹೆಚ್ಚು, ಅದು ಕುದಿಯುವುದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ. ಅಮೆರಿಕದ ಸಿಲಿಂಡರ್‌ನಲ್ಲಿರುವುದು ಬಹುಪಾಲು ಪ್ರೊಪೇನ್, ಅದರ ಕುದಿಬಿಂದು ಮೈನಸ್ 42. ಹಿಮ ಬೀಳುವ ರಾತ್ರಿಯಲ್ಲೂ 0.4 ಪಿಎಸ್‌ಐ ಕೊಡುವುದು ಅದಕ್ಕೆ ಕಷ್ಟವಲ್ಲ.

ಅಳತೆಯಿಂದ ಖಚಿತಪಡಿಸಿಕೊಳ್ಳುವುದು

ಕಣ್ಣಂದಾಜಿಗೆ ಸಿಗದ ದೋಷಕ್ಕೆ ಮ್ಯಾನೊಮೀಟರ್ ಎಂಬ ಒತ್ತಡಮಾಪಕ ಬೇಕು. ಆರ್‌ವಿ ತಂತ್ರಜ್ಞರು ಒಳಗಿನ ಒಂದೆರಡು ಉಪಕರಣ ಉರಿಯುತ್ತಿರುವಾಗ ಒತ್ತಡ ಅಳೆಯುತ್ತಾರೆ, ಅದು 11 ಇಂಚಿನ ಹತ್ತಿರವಿರಬೇಕು. ಎಲ್ಲ ಆರಿಸಿದಾಗ ಒತ್ತಡ ಸ್ವಲ್ಪ ಏರಿ ನಿಲ್ಲುತ್ತದೆ, 14 ಇಂಚು ಮೀರಬಾರದು. ಮೀರಿದರೆ ಅಥವಾ ನಿಲ್ಲದೆ ನಿಧಾನವಾಗಿ ಏರುತ್ತಲೇ ಹೋದರೆ ರೆಗ್ಯುಲೇಟರ್‌ನ ಸೀಟು (ಒಳಗೆ ಅನಿಲದ ದಾರಿ ಮುಚ್ಚುವ ಭಾಗ) ಸೋರುತ್ತಿದೆ. ಆಗ ಗ್ರಿಲ್‌ನ ಉರಿ ಜೋರಾಗಿಯೇ ಇರುತ್ತದೆ, ಅಡುಗೆಯವರಿಗೆ ದೂರಿರುವುದಿಲ್ಲ. ಆದರೂ ರೆಗ್ಯುಲೇಟರ್ ಬದಲಾಗುವವರೆಗೆ ಗ್ಯಾಸ್ ತೆರೆಯಬಾರದು.

ಕಳಚುವ ಕ್ರಮ

ಅಡುಗೆ ಮುಗಿದಾಗ ಮೊದಲು ಕ್ಯಾಂಪರ್ ಬದಿಯ ವಾಲ್ವ್ ಮುಚ್ಚಿ, ಗ್ರಿಲ್‌ನ ನಾಬ್ ಅಲ್ಲ. ಹೋಸಿನಲ್ಲಿ ಉಳಿದ ಅನಿಲ ಉರಿದು ಮುಗಿದು ಜ್ವಾಲೆ ತಾನೇ ಆರುತ್ತದೆ. ಆಮೇಲೆ ನಾಬ್ ಮುಚ್ಚಿ, ಕಾಲರ್ ಸರಿಸಿ ಹೋಸ್ ತೆಗೆಯಿರಿ, ಎರಡೂ ಬಾಯಿಗಳಿಗೆ ಮುಚ್ಚಳ ಹಾಕಿ. ಯೆಲ್ಲೊಸ್ಟೋನ್‌ನಂಥ ಕರಡಿಗಳ ನಾಡಿನಲ್ಲಿ ಬಳಸಿದ ಗ್ರಿಲ್ಲೂ ಆಹಾರವೆಂದೇ ಲೆಕ್ಕ, ತಣ್ಣಗಾದ ಮೇಲೆ ಹೊರಗೆ ಬಿಡುವಂತಿಲ್ಲ.

ಟಿ ಜೋಡಣೆ ಬಳಸಿದವರು ಹೋಸ್ ಖಾಲಿ ಮಾಡಲು ಸಿಲಿಂಡರನ್ನೇ ಮುಚ್ಚಬೇಕಾಗುತ್ತದೆ, ಆಗ ಕ್ಯಾಂಪರ್‌ನೊಳಗೂ ಗ್ಯಾಸ್ ನಿಲ್ಲುತ್ತದೆ. ಹೋಸ್ ಬಿಚ್ಚಿ ಟಿಯ ಬಾಯಿಗೆ ಮುಚ್ಚಳ ಬಿಗಿದು, ಸೋಪು ಸವರಿ ನೋಡಿ, ವಾಲ್ವನ್ನು ನಿಧಾನವಾಗಿ ತೆರೆಯಿರಿ. ಮಲಗುವ ಮುನ್ನ ಫ್ರಿಜ್ ಮತ್ತು ಗೀಸರ್ ಮತ್ತೆ ಹೊತ್ತಿಕೊಂಡಿವೆಯೇ ಎಂದು ಒಳಗೆ ಹೋಗಿ ಅವುಗಳ ದೀಪ ನೋಡಿ.